ದಿನಾ ಬುಡದಿಂದ

“ಮೂರು ಸಾಮಾನು ಹೇಳಿದರೆ ಒಂದು ತರ್ತಾಳೆ! ಇವಳಿಗೆ ಶಾಲೆ ಬೇರೆ ಕೇಡು. ನಾಳೆಯಿಂದಲೇ ಬಿಡಿಸು!”

ಅತ್ತೆ ಹೊಲಿಗೆಯಂತ್ರ ನಿಲ್ಲಿಸಿ ಎದ್ದೇಬಿಟ್ಟರು. ಎದುರಿಗೆ ಎಂಟು ವರ್ಷದ ಮೊಮ್ಮಗಳು ಮಿಣುಕಿ, ಕೈಯಲ್ಲಿ ಬಿಳಿ ದಾರದ ಉಂಡೆ ಹಿಡಿದು, ಉಳಿದೆರಡು ಏನೆಂದು ಗಾಳಿಯಲ್ಲಿ ಹುಡುಕುತ್ತಿದ್ದಳು. ಸೊಸೆ ಮಗಳನ್ನು ಎದೆಗೆಳೆದುಕೊಂಡಳು.

“ಬಿಡಿಸಲ್ಲ ಅತ್ತೆ... ಒಂದು ಸಲ ಡಾಕ್ಟರಿಗೆ ತೋರಿಸೋಣ.”

“ನಡಿ, ನಾನೂ ಬರ್ತೀನಿ. ದಡ್ಡತನಕ್ಕೆ ಯಾವ ಮಾತ್ರೆ ಕೊಡ್ತಾರೋ ನೋಡೇಬಿಡ್ತೀನಿ!”

ಡಾಕ್ಟರಮ್ಮ ಅರ್ಧ ದಿನ ಮಗುವಿನ ಜೊತೆ ಕೂತರು. ಚಿತ್ರ ಜೋಡಿಸಲು ಕೊಟ್ಟರು, ಕಥೆ ಹೇಳಿ ಅದನ್ನೇ ತಿರುಗಿ ಹೇಳಿಸಿದರು. ಕೊನೆಗೆ ಸೊಸೆಯನ್ನು ಮೆಲ್ಲಗೆ ಕೇಳಿದರು: “ಬಸುರಿಯಿದ್ದಾಗ ಮದ್ಯ ಏನಾದರೂ ಕುಡೀತಿದ್ರಾ?”

ಸೊಸೆ ಮಗಳ ತಲೆ ಸವರಿದಳು. “ಹೌದು... ದಿನಾ ಸಂಜೆ ಒಂದು ಲೋಟ ವೈನ್. ತಪ್ಪು ನನ್ನದೇ.”

“ಸುಳ್ಳು!” ಅತ್ತೆಯ ದನಿ ಒಡೆಯಿತು. “ರಕ್ತ ಹೆಚ್ಚುತ್ತೆ ಅಂತ ಲೋಟ ಕೈಗಿಟ್ಟವಳು ನಾನು. ಬೇಡ ಅಂದಳು, ಡಾಕ್ಟರೇ... ತಳ ಕಾಣೋವರೆಗೂ ಎದುರಿಗೇ ನಿಂತಿರ್ತಿದ್ದೆ! ಅಯ್ಯೋ, ಈಗಲೂ ನನ್ನ ಹೆಸರೆತ್ತದೆ ತಲೆ ಕೊಡ್ತೀಯಲ್ಲೇ ನೀನು!”

“ಆಗ ನಿಮಗೆ ಗೊತ್ತಿರಲಿಲ್ಲ,” ಎಂದರು ಡಾಕ್ಟರಮ್ಮ. “ತಾಯಿ ಕುಡಿದದ್ದು ಹೊಟ್ಟೆಯೊಳಗಿನ ಮಗುವಿನ ಮಿದುಳನ್ನೂ ಮುಟ್ಟುತ್ತೆ. ಅದಕ್ಕೇ ಇವಳಿಗೆ ಕೇಳಿದ್ದು ನೆನಪಲ್ಲಿ ನಿಲ್ಲಲ್ಲ, ಒಂದಾದ ಮೇಲೊಂದು ಯೋಚಿಸೋದು ಕಷ್ಟ. ವಾಸಿಮಾಡೋ ಮಾತ್ರೆ ಇಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮಾಡಿ ತೋರಿಸಿ, ಮತ್ತೆ ಮತ್ತೆ ತೋರಿಸಿ. ಶಾಲೆ ಮಾತ್ರ ಬಿಡಿಸಬೇಡಿ. ನಾವು ಒಂದು ಸಲ ಹತ್ತಿ ಮುಗಿಸೋ ಬೆಟ್ಟಾನ ಇವಳು ದಿನಾ ಬುಡದಿಂದ ಹತ್ತುತ್ತಾಳೆ, ಅಜ್ಜಿ.”

ದಿನಾ ಬುಡದಿಂದ... ಇಷ್ಟು ಪುಟ್ಟ ಕಾಲುಗಳಲ್ಲಿ! ಏಳು ಸಮುದ್ರ ದಾಟಿದ ರಾಜಕುಮಾರಿಯರ ಕಥೆಗಳನ್ನು ಹೇಳಿಯೇ ಮಗನನ್ನು ಬೆಳೆಸಿದ ಆ ಮುದುಕಿ, ಜೀವನದಲ್ಲಿ ಮೊದಲ ಸಲ ರಾಜಕುಮಾರಿಯೊಬ್ಬಳನ್ನು ಕಣ್ಣಾರೆ ಕಂಡವರಂತೆ ಮೊಮ್ಮಗಳನ್ನೇ ನೋಡುತ್ತ ಕುಳಿತುಬಿಟ್ಟರು. ಅದೂ ಯಾರೂ ಚಪ್ಪಾಳೆ ತಟ್ಟದ ದಾರಿಯಲ್ಲಿ, ಬೈಗುಳ ತಿನ್ನುತ್ತ ನಡೆದವಳನ್ನು!

ಹೊರಡುವಾಗ ಬಾಗಿಲ ಬಳಿ ಮಿಣುಕಿ ಶೂ ಲೇಸು ಹಿಡಿದು ನಿಂತಳು. “ಅಜ್ಜೀ, ಹೇಗೆ ಕಟ್ಟೋದು? ನಿನ್ನೆ ಬರ್ತಿತ್ತು...”

ಯಾರಿಗೂ ಕಾಯದ ಅಜ್ಜಿ ನೆಲದ ಮೇಲೇ ಕೂತರು. “ಮೊದಲು ಒಂದು ಕುಣಿಕೆ.”

“ಆಮೇಲೆ?”

“ಅದರ ಸುತ್ತ ಒಂದು ಸುತ್ತು.”

“ಆಮೇಲೆ?”

ಆರು ಸಲ ಬಿಚ್ಚಿಹೋಯಿತು. ಆರು ಸಲವೂ ಅಜ್ಜಿ ಕುಣಿಕೆಯಿಂದಲೇ ಶುರುಮಾಡಿದರು. ಏಳನೆಯ ಸಲ ಗಂಟು ನಿಂತಿತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು.

“ನಾಳೆ ಮರೆತರೆ?” ಮಿಣುಕಿ ಪಿಸುಗುಟ್ಟಿದಳು.

“ಮರೆತರೆ ಮರೆತೆ, ತಾಯಿ. ಶಾಲೆಗೆ ಹೊರಡೋ ಮುಂಚೆ ಬಾ. ಮನೆ ಬಾಗಿಲಲ್ಲೇ ಹೀಗೇ ಕೂತಿರ್ತೀನಿ.”