ಉಷಿಯಾ ಕಟ್ಟಿಕೊಟ್ಟ ಬುತ್ತಿ

ಎರಡು ದಿನದಿಂದ ಗಾಳಕ್ಕೆ ಒಂದು ಮೀನೂ ಬಿದ್ದಿರಲಿಲ್ಲ. ಚುಕ್ಕಾಣಿ ಹಿಡಿದು ಕೂತಿದ್ದ ಅಜೆನೋರ್‌ಗೆ ಒಳಗೊಳಗೇ ಖುಷಿ. ಮೀನು ಸೆಳೆಯಲೆಂದು ಗಾಳಕ್ಕೆ ಸಿಕ್ಕಿಸಿದ್ದ ಗುಲಾಬಿ ಕುಚ್ಚನ್ನು ಕಟ್ಟಿಕೊಟ್ಟವಳು ಉಷಿಯಾ.

ಚಳಿಗಾಲವನ್ನು ದಕ್ಷಿಣದ ಗಲೀಸಿಯಾದ ಬಂದರುಗಳಲ್ಲಿ ಕಳೆದು, ಅಜೆನೋರಳೂ ಅವಳ ಗಂಡ ಗುಲ್ವೆನ್ನನೂ ತಮ್ಮ ಪುಟ್ಟ ಹಾಯಿದೋಣಿಯಲ್ಲಿ ತಮ್ಮ ನಾಡು ಬ್ರಿಟನಿಗೆ ಮರಳುತ್ತಿದ್ದರು. ಏಪ್ರಿಲ್‌ನಲ್ಲೇ ಹೊರಡಬೇಕಿತ್ತು. ಗಾಳಿ ಸರಿಯಿಲ್ಲ, ಹಾಯಿ ಹರಿದಿದೆ ಎಂದು ಗುಲ್ವೆನ್ ದಿನ ದೂಡುತ್ತಲೇ ಇದ್ದ. ಸಂಜೆಯಾದರೆ ಸಾಕು, ಬಲೆ ಹೊಲಿಯುವ ಉಷಿಯಾಳ ಶೆಡ್ಡಿನಲ್ಲಿ ಹಾಜರು. ಅವಳು ನಕ್ಕರೆ ಇವನ ಕಿವಿ ಕೆಂಪಗಾಗುತ್ತಿದ್ದುದನ್ನು ಅಜೆನೋರ್ ಕಣ್ಣಾರೆ ಕಂಡಿದ್ದಳು. ಹೊಟ್ಟೆ ಉರಿದುಹೋಗಿತ್ತು. ಊರು ಮುಟ್ಟಿದ ದಿನವೇ ಬಟ್ಟೆಬರೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದಳು.

ಮಧ್ಯಾಹ್ನ ಗುಲ್ವೆನ್ ಬಟ್ಟೆ ಸುತ್ತಿದ ಬುತ್ತಿಯೊಂದನ್ನು ಹೊರತೆಗೆದ. ಒಳಗೆ ಮಾಂಸ ತುಂಬಿ ಸುಟ್ಟ ದಪ್ಪ ರೊಟ್ಟಿ.

"ಯಾರು ಕೊಟ್ಟಿದ್ದು?"

"ಉಷಿಯಾ. ದಾರೀಲಿ ತಿನ್ನಿ ಅಂದ್ಲು."

ಅಜೆನೋರ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹಾಳಾದ್ದು, ರುಚಿಯಾಗಿತ್ತು. ಮುಖ ಗಂಟಿಕ್ಕಿದಳು.

"ಇದು ಉದ್ದ ಕಿವಿಯದ್ದು."

ಗುಲ್ವೆನ್ ಕೈ ಅಲ್ಲೇ ನಿಂತಿತು. ಬ್ರಿಟನಿಯ ದೋಣಿಯಲ್ಲಿ ಮೊಲ ಇರಕೂಡದು. ಅದರ ಹೆಸರನ್ನೂ ಎತ್ತಕೂಡದು, ಅಪಶಕುನ. ಎತ್ತಿದವರನ್ನು ಅವನ ಅಜ್ಜ ದಡಕ್ಕೆ ಇಳಿಸಿಬಿಡುತ್ತಿದ್ದ.

"ಅದಕ್ಕೇ ಮೀನಿಲ್ಲ," ಎಂದು ಅಜೆನೋರ್ ಇಡೀ ಬುತ್ತಿಯನ್ನು ಸಮುದ್ರಕ್ಕೆ ಎಸೆದಳು.

ಅವನು ತೇಲಿಹೋಗುತ್ತಿದ್ದ ರೊಟ್ಟಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ, ನಿಧಾನವಾಗಿ, ತುಟಿಯಂಚಲ್ಲಿ ನಗು ಒತ್ತಿಹಿಡಿದು.

"ಕೋಳಿ ಕಣೇ ಅದು. ಅವಳು ರೊಟ್ಟಿ ಮಾಡೋವಾಗ ಪುಕ್ಕ ಕಿತ್ತವನೇ ನಾನು."

ಅಷ್ಟರಲ್ಲಿ ಗಾಳದ ದಾರ ಬಿರ್ರನೆ ಬಿಗಿಯಾಯಿತು. ಟ್ಯೂನಾ! ಅವನು ದಾರ ಸೆಳೆದ, ಅವಳು ಅವನ ಸೊಂಟದ ಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದಳು. ಬೆಳ್ಳಗೆ ಹೊಳೆಯುವ ಮೀನು ಹಲಗೆಯ ಮೇಲೆ ಬಂದು ಬಿತ್ತು, ಬಾಯಲ್ಲಿ ಉಷಿಯಾಳ ಗುಲಾಬಿ ಕುಚ್ಚು. ಅಜೆನೋರ್‌ಗೆ ಅಳು ಬಂತು.

"ಅವಳು ಕೊಟ್ಟಿದ್ದಕ್ಕೆ ಮೀನೂ ಬೀಳುತ್ತೆ, ನೀನೂ ಬೀಳ್ತೀಯ."

ಗುಲ್ವೆನ್ ಏದುಸಿರು ಬಿಡುತ್ತಾ ಅವಳ ಪಕ್ಕ ಕುಸಿದು ಕೂತ.

"ಇಲ್ಲೇ ಉಳ್ಕೋ ಅಂದ್ಲು. ಸುಳ್ಳು ಹೇಳಲ್ಲ, ಮೂರು ದಿನ ಯೋಚನೆ ಮಾಡ್ದೆ."

ಅವಳು ಅವನ ಪಟ್ಟಿಯನ್ನು ಬಿಟ್ಟುಬಿಟ್ಟಳು. "ಉಳೀಬೇಕಿತ್ತು. ನೀನು ಸುಖವಾಗಿರ್ತಿದ್ದೆ. ಅವಳು ಬುತ್ತಿ ಕಟ್ತಾಳೆ, ನಾನು ಎಸೀತೀನಿ."

"ಸುಖವಾಗೇ ಇರ್ತಿದ್ದೆನೇನೋ," ಎಂದ ಗುಲ್ವೆನ್. ಮೀನಿನ ವಾಸನೆಯ ಕೈಯಿಂದಲೇ ಅವಳ ಕೆನ್ನೆ ಒರೆಸಿದ. "ಆದ್ರೆ ನೀನು ಯಾವ ಸಮುದ್ರದಲ್ಲಿದ್ದೀಯ, ಊಟ ಮಾಡಿದ್ಯಾ, ಯಾರ ಮೇಲೆ ರೇಗ್ತಿದ್ದೀಯ ಅಂತ ದಿನಾ ಅವಳನ್ನೇ ಕೇಳ್ತಾ ಇರ್ತಿದ್ದೆ. ಪಾಪ, ಅವಳಿಗೆ ಹೇಗೆ ಗೊತ್ತಿರುತ್ತೆ?"