ಓಗೊಡದ ಡ್ರಮ್

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆಕೆ ಠಾಣೆಗೆ ಬಂದಾಗ ಕಂಕುಳಲ್ಲಿ ಸ್ನೇರ್ ಡ್ರಮ್ ಇತ್ತು. ಗಂಡನ ಹಳೆಯ ಡ್ರಮ್ ಕಳುವಾಗಿದೆ ಎಂಬುದು ದೂರು.

"ಕಳುವಾದದ್ದು ಕೈಯಲ್ಲೇ ಇದೆಯಲ್ಲಮ್ಮ," ಎಂದ ಹೆಡ್ ಕಾನ್‌ಸ್ಟೇಬಲ್.

"ಇದು ಬೇರೆ. ಅವರು ತೀರಿಕೊಂಡ ಮೇಲೆ ಪಕ್ಕದ ಹಿಡಿ ಸಡಿಲಾಗಿತ್ತು ಅಂತ ರಿಪೇರಿಗೆ ಕೊಟ್ಟೆ. ವಾಪಸ್ ಬಂದದ್ದು ಇದು."

"ಹೇಗೆ ಗೊತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ನಾನು ಮಾತಾಡಿದ್ರೆ ಅದರ ಅಡಿಯ ತಂತಿಗಳು ಜುಂಯ್ ಅಂತಿದ್ವು. ಮನೇಲಿ ನನಗೆ ಓಗೊಡೋದು ಅದೊಂದೇ. ಇದು ಕಲ್ಲಿನ ಹಾಗೆ ಕೂತಿರುತ್ತೆ."

ಹೆಡ್ ಕಾನ್‌ಸ್ಟೇಬಲ್ ಮೀಸೆಯಡಿ ನಕ್ಕ. ಇನ್ಸ್‌ಪೆಕ್ಟರ್‌ಗೆ ನಗು ಬರಲಿಲ್ಲ. ತಂತಿ ಓಗೊಡಲಿಲ್ಲ ಎಂದು ಎಫ್‌ಐಆರ್‌ನಲ್ಲಿ ಬರೆದರೆ ಯಾವ ನ್ಯಾಯಾಲಯ ತಲೆದೂಗೀತು?

"ಬೇರೆ ಗುರುತು?"

"ಒಳಗೆ ಐವತ್ತೆಂಟನೇ ಇಸವಿ ಮುದ್ರೆ ಇದೆಯಂತೆ. ನಮ್ಮ ಮಾವ ಹುಟ್ಟಿದ ವರ್ಷ." ಆಕೆ ಎದ್ದಳು, ಮತ್ತೆ ಕೂತಳು. "ಸಿಕ್ಕಿದ್ರೆ ಬಿಚ್ಚಬೇಡಿ ಸಾರ್. ಆ ಬೋಲ್ಟ್‌ಗಳ ಬಿಗಿ ನಮ್ಮ ಯಜಮಾನರ ಕೈಯದು. ಒಮ್ಮೆ ಸಡಿಲಾದ್ರೆ ಆ ದನಿ ಹೋಯ್ತು."

ಮಧ್ಯಾಹ್ನ ಸಂಗೀತ ಶಾಲೆಯ ಮೇಷ್ಟ್ರು ಬಂದು ಡ್ರಮ್ಮಿನ ಗಾಳಿಕಿಂಡಿಗೆ ಬಡಿದಿದ್ದ ಕಂಪನಿ ಬಿಲ್ಲೆಯನ್ನು ಉಜ್ಜಿ ನೋಡಿದರು.

"ಬಿಲ್ಲೆ ಹಳೇದೇ. ಅದನ್ನ ಹಿಡಿದಿರೋ ಉಂಗುರ ಮಾತ್ರ ಫಳಫಳ ಅಂತಿದೆ. ಬೇರೆ ಡ್ರಮ್ಮಿಂದ ಕಿತ್ತು ತಂದು ಕೂರಿಸಿದ್ದಾರೆ."

ಆಕೆ ತಂದಿದ್ದ ಡ್ರಮ್ಮಿನ ಮೇಲ್ಪೊರೆಯನ್ನು, ಅಂದರೆ ಸ್ಕಿನ್ನನ್ನು, ಬಿಚ್ಚಿದರು. ಒಳಮೈಯ ಕೆಂಪು ಮುದ್ರೆ ಎಪ್ಪತ್ತೊಂದು ಎನ್ನುತ್ತಿತ್ತು.

ಸಂಜೆ ಇನ್ಸ್‌ಪೆಕ್ಟರ್ ಪಂಚರೊಂದಿಗೆ ರಿಪೇರಿ ಅಂಗಡಿಗೆ ಹೋದರು. ಮುದುಕ ರಿಪೇರಿಯವನು ಕೆಲಸದಿಂದ ತಲೆ ಎತ್ತಲಿಲ್ಲ.

"ನೀವು ಕೊಟ್ಟ ಡ್ರಮ್ ಜುಂಯ್ ಅನ್ನಲ್ವಂತೆ."

"ಜುಂಯ್ ಅನ್ನೋದು ದೋಷ ಅಲ್ವಾ ಸಾರ್? ಸರಿ ಮಾಡದೆ ಕಳಿಸೋಕೆ ಆಗುತ್ತಾ?"

"ಬದಲಿ ಡ್ರಮ್ಮನ್ನ ಜುಂಯ್ ಅನ್ನೋ ಹಾಗೇ ಕಳಿಸಿದ್ರೆ ಆಯಮ್ಮನಿಗೆ ಗೊತ್ತೇ ಆಗ್ತಿರಲಿಲ್ಲ."

ಮುದುಕನ ಕೈಯ ಇಕ್ಕಳ ನಿಂತಿತು.

ಒಳಕೋಣೆಯ ಮಂಚದ ಪಕ್ಕದಲ್ಲಿ, ಕಂಬಳಿಯಡಿ, ಬಿಲ್ಲೆ ಇಲ್ಲದ ಒಂದು ಡ್ರಮ್ ಇತ್ತು. ಅದೇ ಇದು ಎನ್ನಲು ಒಳಗಿನ ಮುದ್ರೆ ಬೇಕು. ಹೆಡ್ ಕಾನ್‌ಸ್ಟೇಬಲ್ ಬೋಲ್ಟಿನ ಕೀಲಿ ಕೈಗೆತ್ತಿಕೊಂಡ. "ಬಿಚ್ಚಲಾ ಸಾರ್?"

"ಬೇಡಪ್ಪಾ!" ಕೂಗಿದ್ದು ಮುದುಕ.

ಇನ್ಸ್‌ಪೆಕ್ಟರ್ ಪಕ್ಕದ ಗ್ಯಾರೇಜಿನಿಂದ ಇಂಜಿನ್ನಿನೊಳಗೆ ಇಣುಕುವ ತಂತಿ ಕ್ಯಾಮೆರಾ ತರಿಸಿದರು. ಬರಿಯ ಗಾಳಿಕಿಂಡಿಯಲ್ಲಿ ಅದನ್ನು ಮೆಲ್ಲಗೆ ತೂರಿಸಿದರು. ಸ್ಕಿನ್‌ಗೆ ಗೀರಿದರೆ? ಬೇರೆಯೇ ವರ್ಷ ಬಂದರೆ? ಪರದೆಯ ಮೇಲೆ ಬರೀ ಮರ. ಮತ್ತೆ ಮರ. ಧೂಳು. ಕೊನೆಗೆ ಕೆಂಪು ಶಾಯಿಯಲ್ಲಿ ಐದು, ಅದರ ಪಕ್ಕ ಎಂಟು.

ಪಂಚನಾಮೆಗೆ ಸಹಿಗಳಾದವು. ಮುದುಕನನ್ನು ಬಂಧಿಸಿದರು.

"ಯಾರಿಗೆ ಮಾರೋದಿತ್ತು?"

"ಮಾರೋದಾ?" ಅವನಿಗೆ ಸಿಟ್ಟೇ ಬಂತು. "ಆಯಮ್ಮನ ಗಂಡನಿಗೆ ಕಡ್ಡಿ ಹಿಡಿಯೋದು ಕಲಿಸಿದ್ದೇ ನಾನು. ಆ ದನಿ ಮಾತ್ರ ನನ್ನ ಕೈಗೆ ಹತ್ತಲಿಲ್ಲ. ಬಿಚ್ಚಿ ನೋಡಿ ಕಲಿಯೋಣ ಅಂತ ಇಟ್ಕೊಂಡೆ. ಕೀಲಿ ಹಾಕಿದಾಗೆಲ್ಲ ತಿರುಗಿಸದೆ ವಾಪಸ್ ತೆಗೀತೀನಿ. ಬಿಚ್ಚಿದ್ರೆ ಹುಡುಗ ಇನ್ನೊಂದ್ಸಲ ಸತ್ತ ಹಾಗೆ."

ಆಕೆ ಬಂದಾಗ ಜಪ್ತಿಯಾದ ಡ್ರಮ್ ಮುದ್ದೆಮಾಲಿನ ಚೀಟಿ ಹೊತ್ತು ಠಾಣೆಯ ಮೇಜಿನ ಮೇಲಿತ್ತು.

"ನ್ಯಾಯಾಲಯದ ಆದೇಶ ಬರೋವರೆಗೂ ಇಲ್ಲೇ ಇರಬೇಕಮ್ಮ. ಯಾರೂ ಮುಟ್ಟಲ್ಲ," ಎಂದರು ಇನ್ಸ್‌ಪೆಕ್ಟರ್. ಅವರ ಗಡಸು ದನಿಗೆ ಡ್ರಮ್ ಸುಮ್ಮನಿತ್ತು.

"ಆಗಲಿ," ಎಂದಳು ಆಕೆ.

ತಂತಿಗಳು ಜುಂಯ್ ಎಂದವು. ಹೆಡ್ ಕಾನ್‌ಸ್ಟೇಬಲ್ ಈ ಸಲ ನಗಲಿಲ್ಲ. ಲಾಕಪ್ಪಿನಲ್ಲಿ ಮುದುಕ ತಲೆ ಎತ್ತಿದ.