ಕ್ಯಾಮೆರಾಗೆ ಕಾಣದ ಮೂಲೆ

"ಅಜ್ಜೀ, ಸ್ಟೂಲ್ ಗಟ್ಟಿಯಾಗಿ ಹಿಡ್ಕೋ! ಬಿದ್ದೇ ಹೋಗ್ತೀನಿ!"

ಗುಬ್ಬಿ ತುದಿಗಾಲಲ್ಲಿ ನಿಂತು, ಅಂಗಳವೂ ಗೇಟೂ ಕಾಣುವಂತೆ ಮನೆಯ ಹೊರಮೂಲೆಯ ಗೋಡೆಗೆ ಅಮ್ಮ ಸಿಕ್ಕಿಸಿದ್ದ ಬಿಳಿ ಕ್ಯಾಮೆರಾದ ಎದುರು ಫೋನ್ ಹಿಡಿದಿದ್ದಳು. ಫೋನಿನಲ್ಲಿದ್ದ ಕ್ಯೂಆರ್ ಕೋಡನ್ನು ಕ್ಯಾಮೆರಾ ಓದಿದರೆ ಮಾತ್ರ ವೈಫೈ ಸಿಗುತ್ತಿತ್ತು. ಆಗಲೇ ಎರಡು ಸಲ ಕೈಕೊಟ್ಟಿತ್ತು.

"ಕನೆಕ್ಟೆಡ್," ಎಂದಿತು ಕ್ಯಾಮೆರಾದೊಳಗಿನ ಹೆಣ್ಣುದನಿ.

"ಯಾರಮ್ಮಾ ಅದು? ಒಳಗೆ ಬಾ," ಎಂದಳು ಅಜ್ಜಿ.

ಗುಬ್ಬಿ ನಕ್ಕು ನಕ್ಕು ನಿಜವಾಗಿಯೂ ಬೀಳುವುದರಲ್ಲಿದ್ದಳು. ಅಮ್ಮ ಸೋಲಾರ್ ಪ್ಯಾನೆಲನ್ನು ಬಿಸಿಲಿಗೆ ತಿರುಗಿಸಿದಳು. "ಬಿಸಿಲಿದ್ರೆ ಸಾಕು, ಇದಕ್ಕೆ ಕರೆಂಟೂ ಬೇಡ, ನಿದ್ದೇನೂ ಬೇಡ."

"ಪಾಪ," ಎಂದಳು ಅಜ್ಜಿ.

ಕ್ಯಾಮೆರಾ ತಂದದ್ದೇ ಅಜ್ಜಿಗಾಗಿ. ಹೋದ ತಿಂಗಳು ಅಂಗಡಿಗೆಂದು ಹೊರಟವಳು ದಾರಿ ಮರೆತು, ಎಲ್ಲೋ ದೂರದ ಪೆಟ್ರೋಲ್ ಬಂಕಿನಲ್ಲಿ ಕೂತಿದ್ದಳು. ಅಮ್ಮನಿಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸ. ಪಕ್ಕದ ಮನೆಯ ಟೈಲರ್ ಆಂಟಿ ಹಗಲೆಲ್ಲ ಅಜ್ಜಿಯ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದರು. ಆದರೆ ಸಂಜೆ ಅವರು ಮಗನನ್ನು ಕರೆತರಲು ಹೋದಾಗ, ಗುಬ್ಬಿ ಸ್ಕೂಲಿಂದ ಬರುವವರೆಗೂ ಅಜ್ಜಿ ಒಬ್ಬಳೇ.

ಮೊದಲ ಎರಡು ದಿನ ಏನೂ ತೊಂದರೆಯಾಗಲಿಲ್ಲ.

ಮೂರನೆಯ ದಿನ ಗುಬ್ಬಿ ಬಂದಾಗ ಗೇಟ್ ಅರ್ಧ ತೆರೆದಿತ್ತು. ಅಂಗಳದ ಕುರ್ಚಿ ಖಾಲಿ. ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು.

"ಗುಬ್ಬೀ, ಅಜ್ಜಿ ಎಲ್ಲೇ?" ಆ ಕಡೆಯಿಂದ ಅಮ್ಮ ಕೇಳಿದಳು. "ಕ್ಯಾಮೆರಾದಲ್ಲಿ ಕುರ್ಚಿಯಿಂದ ಎದ್ದಿದ್ದು ಕಾಣಿಸ್ತು. ಆಮೇಲೆ ಕಾಣ್ತಾನೇ ಇಲ್ಲ!"

ಗುಬ್ಬಿ ಫೋನನ್ನು ಕಿವಿಗೊತ್ತಿಕೊಂಡೇ ಒಳಗೆಲ್ಲ ಓಡಾಡಿದಳು. ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ ಕೂಡ ನೋಡಿದಳು. ಬೀದಿಗೆ ಓಡಿ, "ಅಜ್ಜೀ!" ಎಂದು ಕೂಗಿದಳು. ಸೈಕಲ್ಲಿನವನೊಬ್ಬ ತಿರುಗಿ ನೋಡಿದ, ಅಷ್ಟೇ. ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ? ಒಂದು ಕಡೆ ಓಡಿ, ಅಜ್ಜಿ ಇನ್ನೊಂದು ಕಡೆ ಹೋಗಿದ್ದರೆ?

"ಅಮ್ಮಾ, ಸಿಗ್ತಾ ಇಲ್ಲ..."

"ಅಳ್ಬೇಡ. ನಾನು ಹೊರಟೆ. ಗೇಟ್ ವಿಡಿಯೋ ಬಂದಿದೆಯಾ ನೋಡು."

ಗುಬ್ಬಿ ಕ್ಯಾಮೆರಾದ ಆ್ಯಪ್ ತೆರೆದಳು. ಟೈಲರ್ ಆಂಟಿ ಗೇಟನ್ನು ಅರ್ಧ ತೆರೆದೇ ಬಿಟ್ಟು ಹೋದದ್ದಿತ್ತು, ಗುಬ್ಬಿ ಬಂದದ್ದಿತ್ತು. ನಡುವೆ ಬೇರೆ ಯಾರೂ ಇಲ್ಲ. ಹಾಗಾದರೆ ಅಜ್ಜಿ ಹೊರಗೆ ಹೋಗಿಲ್ಲ! ಲೈವ್ ಒತ್ತಿದಳು. ಖಾಲಿ ಅಂಗಳ. ಆದರೆ ಚಿತ್ರದ ಅಂಚಿನಲ್ಲಿ, ನೆಲದ ಮೇಲೆ, ಒಂದು ನೆರಳು. ದುಂಡನೆಯ ತಲೆ, ಅದರ ಹಿಂದೆ ಸಣ್ಣ ಗಂಟು. ಅಜ್ಜಿಯ ತುರುಬು!

ಮನೆಯ ಮೂಲೆ ತಿರುಗಿದರೆ, ಗೋಡೆಗೂ ನೀರಿನ ಡ್ರಮ್ಮಿಗೂ ನಡುವಿನ ಸಂದಿಯಲ್ಲಿ ಅಜ್ಜಿ ಮುದುಡಿ ಕೂತಿದ್ದಳು.

"ಇಲ್ಲೇ ಇದ್ದಾಳೆ ಅಮ್ಮಾ! ಸಿಕ್ಕಿದ್ಳು!" ಗುಬ್ಬಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಸಿಟ್ಟೂ ಬಂತು. "ಅಷ್ಟು ಕೂಗಿದ್ನಲ್ಲ, ಓ ಅನ್ನೋಕಾಗಲ್ವಾ?"

"ಓ ಅಂದ್ರೆ ಅದಕ್ಕೂ ಕೇಳ್ಸುತ್ತೆ," ಅಜ್ಜಿ ಮೆಲ್ಲಗೆ ಮೇಲಕ್ಕೆ ಬೆರಳು ತೋರಿಸಿದಳು. "ಯಾವಾಗ್ಲೂ ನನ್ನನ್ನೇ ನೋಡ್ತಿರುತ್ತೆ ಕಣೇ. ಮೈ ಕೆರ್ಕೊಳ್ಳೋಕೂ ನಾಚಿಕೆ. ನಿನ್ನೆ ಅದರೊಳಗಿಂದ ನಿಮ್ಮಮ್ಮ, 'ಯಾಕೆ ಎದ್ದೆ?' ಅಂದ್ಲು. ನಾನೇನು ಕಳ್ಳೀನಾ?"

ಗುಬ್ಬಿ ಅಜ್ಜಿಯ ಪಕ್ಕ ಕೂತು ಆ್ಯಪಿನಲ್ಲಿ ಹುಡುಕಿದಳು.

"ಅಮ್ಮಾ," ಗುಬ್ಬಿ ಕೇಳಿದಳು, "ಸೆಟ್ಟಿಂಗ್ಸಲ್ಲಿ ಪ್ರೈವೆಸಿ ಝೋನ್ ಅಂತ ಇದೆ. ಕುರ್ಚಿ ಹತ್ರ ಮುಚ್ಚಿಬಿಡ್ಲಾ? ಗೇಟ್ ಹತ್ರ ಬಂದ್ರೆ ಮಾತ್ರ ನಿಂಗೆ ಅಲರ್ಟ್ ಬರುತ್ತೆ."

"ಗೇಟ್ ಸರಿಯಾಗಿ ಕಾಣ್ಬೇಕು," ಎಂದಳು ಅಮ್ಮ. "ಉಳಿದಿದ್ದು ಮುಚ್ಚು."

ಗುಬ್ಬಿ ಬೆರಳಿನಿಂದ ಕುರ್ಚಿಯ ಸುತ್ತ ಚೌಕ ಎಳೆದಳು. ಕುರ್ಚಿ ಕಪ್ಪಾಯಿತು. ಗೇಟಿನ ಹತ್ತಿರ ತಾನೇ ನಡೆದು ನೋಡಿದಳು. ಟಣ್! ಅಲರ್ಟ್ ಬಂತು.

ಅಜ್ಜಿ ಅನುಮಾನದಿಂದಲೇ ಬಂದು ಕುರ್ಚಿಯ ತುದಿಯಲ್ಲಿ ಕೂತಳು. "ಈಗ?"

"ಕಾಣಲ್ಲ ಅಜ್ಜಿ. ಬರೀ ಕಪ್ಪು."

"ನಿನ್ನಾಣೆ?"

"ನನ್ನಾಣೆ."

ಅಜ್ಜಿ ಹಿಂದಕ್ಕೆ ಒರಗಿದಳು. ಕಾಲು ಚಾಚಿದಳು. ಹಲ್ಲಿನ ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು, ಬೊಚ್ಚುಬಾಯಿ ತೆರೆದು ಉದ್ದಕ್ಕೆ ಆಕಳಿಸಿದಳು.

ಗುಬ್ಬಿ ಫೋನನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಅಜ್ಜಿಯ ಕಡೆ ಬೆನ್ನು ಮಾಡಿ ಕೂತು, ಗೇಟನ್ನು ನೋಡತೊಡಗಿದಳು.